ನನ್ನ ಕಂಪ್ಯೂಟರ್ ಅಳಿಸಿದ ಗಿಲಕಿ

ನನ್ನ ಹೊಟ್ಟೆಯ ಮೇಲೆ ಹೊಡೆದ ಮನುಷ್ಯನ ಬಗ್ಗೆ ಬರೆಯಲು ಕೂತಿದ್ದೇನೆ. ಬೈಯಲಿಕ್ಕಲ್ಲ, ಬೈಯಬೇಕಾದ್ದನ್ನೆಲ್ಲ ಆಗಲೇ ಅವನ ಮುಖದೆದುರೇ ಬೈದು ಮುಗಿಸಿದ್ದೇನೆ. ಹೊಗಳಲಿಕ್ಕೆ ಕೂತಿದ್ದೇನೆ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು, ಆದರೆ ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅದು ಯಾರಿಗೂ ನೆನಪಿಲ್ಲ. ಎಲ್ಲರೂ ಗಿಲಕಿ ಅನ್ನುತ್ತಾರೆ. ಆ ಹೆಸರಿಟ್ಟವಳು ನಾನೇ. ಹೆಗಲಿನ ಚೀಲದಲ್ಲಿ ಸ್ಕ್ರೂಗಳನ್ನು ಬಿಡಿಬಿಡಿಯಾಗಿ ಸುರಿದುಕೊಂಡು ತಿರುಗುವ ಕಂಪ್ಯೂಟರ್ ರಿಪೇರಿಯವನು ಅವನು. ಮೆಟ್ಟಿಲು ಹತ್ತಲು ಶುರು ಮಾಡಿದರೆ ಸಾಕು, ಒಳಗೆ ಕೂತ ನನಗೆ ಗಲಗಲ ಕೇಳಿಸುತ್ತದೆ. ಕಣ್ಣು ಕಾಣದವಳಿಗೆ ಹೀಗೆ ಸದ್ದು ಮಾಡಿಕೊಂಡು ಬರುವವರೆಂದರೆ ಅರ್ಧ ಸ್ನೇಹಿತರೇ. ಬೆಕ್ಕಿನ ಹಾಗೆ ಬಂದು ಪಕ್ಕದಲ್ಲಿ ನಿಂತು "ನಾನ್ಯಾರು ಹೇಳಿ ನೋಡೋಣ" ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನು ಮಾಡಿದ ಅನಾಹುತ ಅರ್ಥವಾಗುವುದಿಲ್ಲ. ಸೆಂಟರಿನ ಒಡತಿ ಡಾಕ್ಟರಮ್ಮ. ಅವರು ರೋಗಿಗಳ ಹೊಟ್ಟೆ, ಎದೆ, ಮೊಣಕಾಲುಗಳ ಸ್ಕ್ಯಾನ್ ನೋಡುತ್ತಾ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ಧ್ವನಿಮುದ್ರಿಸುತ್ತಾರೆ. ನಾನು ಅದನ್ನು ಒಂದು ಕಿವಿಯಲ್ಲಿ ಕೇಳಿಸಿಕೊಂಡು ಟೈಪ್ ಮಾಡುತ್ತೇನೆ. ಇನ್ನೊಂದು ಕಿವಿಯಲ್ಲಿ ಸ್ಕ್ರೀನ್ ರೀಡರ್. ಪರದೆಯ ಮೇಲೆ ಏನಿದೆಯೆಂದು ಓದಿ ಹೇಳುವ ಪ್ರೋಗ್ರಾಮು ಅದು. ಅದರ ವೇಗವನ್ನು ನಾನು ಎಷ್ಟು ಏರಿಸಿಕೊಂಡಿದ್ದೇನೆಂದರೆ, ಬೇರೆಯವರು ಹೆಡ್‌ಫೋನ್ ಹಾಕಿಕೊಂಡರೆ "ಇದೇನು, ಸೊಳ್ಳೆ ಗುಂಯ್ ಅಂದಹಾಗಿದೆ" ಅನ್ನುತ್ತಾರೆ. ರಿಪೋರ್ಟ್ ತಡವಾದರೆ ಡಾಕ್ಟರಮ್ಮ ಒಳಗಿನಿಂದಲೇ ಕೂಗುತ್ತಾರೆ. ಅವರ ಬೈಗುಳಕ್ಕೆ ಇಡೀ ಸೆಂಟರು ಹೆದರುತ್ತದೆ, ನಾನೂ ಹೆದರುತ್ತೇನೆ.

ಈ ಕುರ್ಚಿ ಸಿಗುವ ಮುಂಚೆ ನನಗೊಂದು ಬೇರೆ ಹೆಸರಿತ್ತು: ಪಾಪ. ಬೀದಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ, ಹೋದಲ್ಲೆಲ್ಲ ಪಾಪ. ಕೆಟ್ಟ ಮನಸ್ಸಿನಿಂದ ಯಾರೂ ಅಂದದ್ದಲ್ಲ. ಆದರೆ ದಿನವಿಡೀ ಪಾಪ ಅನ್ನಿಸಿಕೊಂಡು ಕೂತವಳಿಗೆ ಗೊತ್ತು, ಅದಕ್ಕಿಂತ ಬೈಸಿಕೊಳ್ಳುವುದೇ ಮೇಲು. ಕೆಲಸಕ್ಕೆ ಸೇರಿದ ಮೇಲೆ ಆ ಹೆಸರು ತಾನಾಗಿ ಉದುರಿಹೋಯಿತು. ನನ್ನ ಅತ್ತೆ ಪಕ್ಕದ ಮನೆಯವರಿಗೆ "ನಮ್ಮ ಸೊಸೆಗೆ ಇವತ್ತು ಪುರುಸೊತ್ತಿಲ್ಲ, ಆಫೀಸಲ್ಲಿ ಸಿಕ್ಕಾಪಟ್ಟೆ ಕೆಲಸ" ಅನ್ನುವುದು ಕೇಳಿಸಿದ ದಿನ ನಾನು ಬೀಗಿದ್ದು ಅಷ್ಟಿಷ್ಟಲ್ಲ.

ಇನ್ನು ನನ್ನ ಮೇಜು. ಅದರ ಮೇಲೆ ಕೀಬೋರ್ಡು, ಹೆಡ್‌ಫೋನು, ನೀರಿನ ಬಾಟಲಿ ಅಷ್ಟೇ. ಪರದೆ ಇಲ್ಲ. ನನಗೆ ಪರದೆ ತಗೊಂಡು ಏನಾಗಬೇಕು? ರಿಸೆಪ್ಷನ್ ಹುಡುಗಿಯದು ಮಿಣುಕುತ್ತಿತ್ತೆಂದು ಕಣ್ಣು ನೋವು ಅನ್ನುತ್ತಿದ್ದಳು, ನನ್ನದನ್ನು ಕೊಟ್ಟುಬಿಟ್ಟೆ. ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಇತ್ತು. ಅದರ ಮೇಲೆ ಯಾರೋ ರಿಪೋರ್ಟ್ ಹಾಕುವ ಕವರುಗಳ ಕಟ್ಟು ಇಟ್ಟಿದ್ದರು. ಬೆಳಿಗ್ಗೆ ಬಂದು ಕಾಲಿನ ಹೆಬ್ಬೆರಳಿನಿಂದ ಅದರ ಗುಂಡಿ ಒತ್ತಿದರೆ ನನ್ನ ದಿನ ಶುರು.

ಹೀಗಿರುವಾಗ ಒಂದು ದಿನ ಮ್ಯಾನೇಜರು ಬಂದು, ನಮ್ಮ ಕಂಪ್ಯೂಟರುಗಳ ಹಳೆಯ ಸಿಸ್ಟಮಿಗೆ ಇನ್ನು ಮುಂದೆ ರಕ್ಷಣೆ ಬರುವುದಿಲ್ಲವಂತೆ, ಕಳ್ಳರು ನುಗ್ಗಿ ರೋಗಿಗಳ ವಿವರ ಕದಿಯಬಹುದಂತೆ, ಎಲ್ಲದಕ್ಕೂ ಹೊಸ ಸಿಸ್ಟಮ್ ಹಾಕಿಸಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ ಅಂದರು. ಹೊಸದನ್ನು ಯಾರೂ ನೋಡಿರಲಿಲ್ಲ, ಅಭಿಪ್ರಾಯ ಮಾತ್ರ ಎಲ್ಲರ ಹತ್ತಿರವೂ ರೆಡಿಯಾಗಿತ್ತು. "ನಮ್ಮಣ್ಣನ ಮನೇಲಿ ಹಾಕ್ಸಿದ್ದಾರೆ, ಎಷ್ಟು ಚೆನ್ನಾಗಿದೆ ಅಂತೀರಾ, ಆನ್ ಮಾಡಿದ್ರೆ ದಿನಕ್ಕೊಂದು ಬೆಟ್ಟದ ಚಿತ್ರ ಬರುತ್ತೆ" ಅಂದಳು ರಿಸೆಪ್ಷನ್ ಹುಡುಗಿ. "ಬೆಟ್ಟ ಇಟ್ಕೊಂಡು ಏನ್ ಮಾಡ್ಲಮ್ಮ? ಮೂಲೇಲಿದ್ದ ಬಟನ್ನು ನಡುವೆ ತಂದಿಟ್ಟಿದ್ದಾರಂತೆ. ನನ್ನ ಕೈ ಮೂಲೆಗೇ ಹೋಗುತ್ತೆ, ನನ್ನ ಹಣೆಬರಹಾನೂ ಮೂಲೆಗೇ ಹೋಗುತ್ತೆ" ಅಂದರು ಲೆಕ್ಕ ಬರೆಯುವವರು. ಎಕ್ಸ್‌ರೇ ತೆಗೆಯುವಾಕೆ ಮಾತ್ರ, ಪ್ರಿಂಟರ್ ಕೆಲಸ ಮಾಡಿದರೆ ಯಾವ ಸಿಸ್ಟಮ್ ಆದರೂ ಒಂದೇ ಅಂದಳು. ನನ್ನನ್ನು ಯಾರೂ ಕೇಳಲಿಲ್ಲ. ಮ್ಯಾನೇಜರು ನಗುತ್ತಾ "ನಿಮಗೇನಮ್ಮ ತೊಂದರೆ, ನೀವು ನೋಡೋದೇ ಇಲ್ವಲ್ಲ" ಅಂದರು. ನಾನೂ ನಕ್ಕೆ.

ಕೆಲಸವನ್ನು ಗಿಲಕಿಗೆ ವಹಿಸಿದರು. ಹಿಂದಿನ ಬೀದಿಯಲ್ಲಿ, ಒಂದು ಮನೆಯ ಮೆಟ್ಟಿಲಿನ ಕೆಳಗೆ ಅವನ ಅಂಗಡಿ. ನಿಂತರೆ ತಲೆ ತಗುಲುತ್ತದೆ, ಹಾಗಾಗಿ ಗಿರಾಕಿಗಳೆಲ್ಲ ಬಾಗಿಯೇ ಮಾತಾಡಬೇಕು. ಅದೊಂದೇ ತನಗೆ ಸಿಗುವ ಮರ್ಯಾದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಶಾಲೆಯಲ್ಲಿ ಅಷ್ಟಕ್ಕಷ್ಟೇ. ಮಾವನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾಗದೆ ಏಟು ತಿಂದವನು, ಆ ಹಟಕ್ಕೇ ರಿಪೇರಿ ಕಲಿತನಂತೆ. ಹೆಂಡತಿ ಹೊಲಿಗೆಯವಳು. ಅವಳ ಹೊಲಿಗೆ ಯಂತ್ರವನ್ನು ಮಾತ್ರ ಅವನು ಮುಟ್ಟುವ ಹಾಗಿಲ್ಲ, ಮನೆಯಲ್ಲಿ ಹಾಗೆಂದು ಕಾನೂನಿದೆ. ಮಾತು ಜಾಸ್ತಿ. ಸುಳ್ಳೂ ಹೇಳುತ್ತಾನೆ: "ಬಂದೆ, ದಾರೀಲಿದ್ದೀನಿ" ಅಂದನೆಂದರೆ ಇನ್ನೂ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದಾನೆಂದೇ ಅರ್ಥ. ಯಂತ್ರಗಳ ಜೊತೆ ಮಾತ್ರ ಬೆಣ್ಣೆಯಂಥ ಮಾತು. "ಏಳು ಕಂದ, ಏಳು, ಏನಾಯ್ತು ನಿಂಗೆ" ಅನ್ನುತ್ತಾ ಪ್ರಿಂಟರಿನ ಬೆನ್ನು ಸವರುವುದನ್ನು ನಾನೇ ಕೇಳಿದ್ದೇನೆ.

ಇಂಥವನು ಒಂದು ರಜಾದಿನ ಬಂದ. ಬೀಗ ತೆಗೆದುಕೊಟ್ಟು ಮ್ಯಾನೇಜರು ಹೊರಟುಹೋದರು. ಮುಂದಿನದು ಆಮೇಲೆ ಅವನೇ ಹೇಳಿದ್ದು. ಹೊಸ ಸಿಸ್ಟಮನ್ನು ಇಷ್ಟು ದೊಡ್ಡ ಸೆಂಟರಿಗೆ ಅವನು ಎಂದೂ ಹಾಕಿರಲಿಲ್ಲ. ಮೊದಲು ಯಾರಿಗೂ ಬೇಡದ ಒಂದು ಡಬ್ಬಕ್ಕೆ ಹಾಕಿ ನೋಡೋಣ, ಕೆಟ್ಟರೂ ಯಾರಿಗೂ ನಷ್ಟವಿಲ್ಲ ಎಂದುಕೊಂಡು ಕೋಣೆಯಿಂದ ಕೋಣೆಗೆ ಹುಡುಕಿದ. ಪರದೆಯಿಲ್ಲದೆ, ಗೋಡೆಗೆ ಒತ್ತಿಕೊಂಡು, ತಲೆಯ ಮೇಲೆ ಕವರುಗಳ ಕಟ್ಟು ಹೊತ್ತುಕೊಂಡು ಒಂದು ಕಂಪ್ಯೂಟರ್ ಸಿಕ್ಕಿತು. ಮೂಲೆಗೆ ಎಸೆದ ಹಳೆಯ ಮಾಲು ಎಂದು ಖುಷಿಪಟ್ಟು, ಬೇರೆ ಕೋಣೆಯ ಪರದೆ ತಂದು ಜೋಡಿಸಿ, ಡಬ್ಬದಲ್ಲಿದ್ದದ್ದನ್ನೆಲ್ಲ ಒರೆಸಿ ಹೊಸದನ್ನು ಹಾಕಿದ. ಪ್ರಯೋಗ ಯಶಸ್ವಿಯಾಯಿತು ಎಂದು ಪಂದ್ಯ ಗೆದ್ದವನ ಹಾಗೆ ಸಿಳ್ಳೆ ಹಾಕಿಕೊಂಡು ಉಳಿದವಕ್ಕೂ ಹಾಕಿ ಹೋದ. ಅವುಗಳಲ್ಲಿದ್ದದ್ದನ್ನೆಲ್ಲ ಮಾತ್ರ ಜೋಪಾನವಾಗಿ ತೆಗೆದಿಟ್ಟು, ಮತ್ತೆ ತುಂಬಿಸಿದ್ದ.

ಮಾರನೆಯ ದಿನ ನಾನು ಹೆಬ್ಬೆರಳಿನಿಂದ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಧ್ವನಿ ಬರಲಿಲ್ಲ. ಕಾದೆ. ಮತ್ತೆ ಆರಿಸಿ ಹಚ್ಚಿದೆ. ಹೆಡ್‌ಫೋನಿನ ವಯರು ಎಳೆದು ನೋಡಿದೆ. ಮೇಜಿನ ಅಂಚು ಹಿಡಿದುಕೊಂಡು ರಿಸೆಪ್ಷನ್ ಹುಡುಗಿಯನ್ನು ಕರೆದೆ. ಅವಳು ಪರದೆ ತಂದು ಜೋಡಿಸಿ, "ಅಯ್ಯೋ ಅಕ್ಕಾ, ಇದರಲ್ಲಿ ಬೆಟ್ಟ ಬಿಟ್ರೆ ಏನೂ ಇಲ್ಲ" ಅಂದಳು.

ನನ್ನ ಸ್ಕ್ರೀನ್ ರೀಡರ್ ಇಲ್ಲ. ಒಂದೆರಡು ಅಕ್ಷರ ಒತ್ತಿದರೆ ಇಡೀ ವಾಕ್ಯ ಬರುವಂತೆ ವರ್ಷಗಟ್ಟಲೆ ಕೂಡಿಸಿಟ್ಟ ಶಾರ್ಟ್‌ಕಟ್ಟುಗಳಿಲ್ಲ. ರಿಸೆಪ್ಷನ್ ಹುಡುಗಿ ಅವನಿಗೆ ಫೋನು ಮಾಡಿದಳು, ಗಲಗಲ ಸದ್ದು ಮೆಟ್ಟಿಲು ಹತ್ತಿ ಬಂತು. ಒಳಗೆ ಬಂದವನು ನನ್ನನ್ನು, ಹೆಡ್‌ಫೋನನ್ನು, ಮೇಜಿನ ಕೆಳಗಿನ ಡಬ್ಬವನ್ನು ನೋಡಿರಬೇಕು. ಸದ್ದು ನಿಂತುಬಿಟ್ಟಿತು.

"ಅಕ್ಕಾ, ಇದು ನಿಮ್ದಾ?" ಅಂದ.

"ಅಲ್ಲ, ನಿಮ್ಮಪ್ಪಂದು!" ಅಂದೆ. ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಲೆಕ್ಕದವರು ಎದ್ದು ಬಂದು ಬಾಗಿಲು ಮುಂದೆ ಮಾಡಿದರು, ರೋಗಿಗಳಿಗೆ ಕೇಳಿಸಬಾರದೆಂದು. ಸಬೂಬು ಹೇಳುವುದರಲ್ಲಿ ಎತ್ತಿದ ಕೈ ಅವನದು, ಅವತ್ತು ಬಾಯಿಗೆ ಬೀಗ. ಕೊನೆಗೆ ನೆಲದ ಮೇಲೆ ಕೂತಂತೆ ಸದ್ದಾಯಿತು. "ಪರದೆ ಇಲ್ದೆ ಯಾರಾದ್ರೂ ಕೆಲಸ ಮಾಡ್ತಾರೆ ಅಂತ ನಂಗೆ ಹೊಳೀಲೇ ಇಲ್ಲ ಅಕ್ಕಾ" ಅಂದ. ಅಳುತ್ತಿದ್ದನೋ ಏನೋ, ಮೂಗು ಕಟ್ಟಿತ್ತು.

ಹಳೆಯದನ್ನು ವಾಪಸು ಹಾಕುವಂತಿರಲಿಲ್ಲ, ಡಾಕ್ಟರಮ್ಮನ ಕಟ್ಟಪ್ಪಣೆ. ನನ್ನ ಹಳೆಯ ಸ್ಕ್ರೀನ್ ರೀಡರ್ ಹೊಸ ಸಿಸ್ಟಮಿನಲ್ಲಿ ಓಡುತ್ತಿರಲಿಲ್ಲ. ಅದರ ಹೊಸ ತಮ್ಮನೊಬ್ಬನನ್ನು ಗಿಲಕಿ ಹುಡುಕಿ ತಂದು ಹಾಕಿದ. ಧ್ವನಿ ಬಂತು, ನನಗೆ ಹೋದ ಜೀವ ಬಂತು. ಆದರೆ ಹೊಸ ಸಿಸ್ಟಮಿನ ಜೊತೆ ರಿಪೋರ್ಟ್ ಬರೆಯುವ ಪ್ರೋಗ್ರಾಮೂ ಹೊಸದು ಬಂದಿತ್ತು, ಅದನ್ನು ಮಾಡಿದವರು ಬಟನ್ನುಗಳಿಗೆಲ್ಲ ಚಂದಚಂದದ ಚಿತ್ರ ಬರೆದಿದ್ದರು, ಹೆಸರಿಟ್ಟಿರಲಿಲ್ಲ. ಕಣ್ಣಿದ್ದವರಿಗೆ ಚಿತ್ರ ಸಾಕು. ನನಗೆ ಕೇಳಿಸಿದ್ದು ಇಷ್ಟು: "ಬಟನ್. ಬಟನ್. ಬಟನ್. ಬಟನ್." ಯಾವುದು ಉಳಿಸುತ್ತದೆ, ಯಾವುದು ಡಾಕ್ಟರಮ್ಮನಿಗೆ ಕಳಿಸುತ್ತದೆ, ಯಾವುದು ಎಲ್ಲವನ್ನೂ ಅಳಿಸುತ್ತದೆ, ದೇವರಿಗೇ ಗೊತ್ತು.

ಗಿಲಕಿ ಪಕ್ಕದಲ್ಲಿ ಕೂತು ಹೇಳಿಕೊಡಲು ನೋಡಿದ. "ಇಲ್ಲಿ ಒತ್ತಿ ಅಕ್ಕಾ."

"ಇಲ್ಲಿ ಅಂದ್ರೆ ಎಲ್ಲಪ್ಪಾ?"

"ಇಲ್ಲೇ, ಈ ನೀಲಿದು."

"ನೀಲಿ ತಗೊಂಡು ನಾನು ಉಪ್ಪಿನಕಾಯಿ ಹಾಕ್ಲಾ?"

ಅವನು ನಾಲಿಗೆ ಕಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ "ಆ ಹಸಿರಿನ ಪಕ್ಕ" ಅಂದ. ಬೆರಳಿನಿಂದ ತೋರಿಸುತ್ತಲೂ ಇದ್ದನಂತೆ, ಲೆಕ್ಕದವರು ಹೇಳಿದರು. ಪ್ರೋಗ್ರಾಮಿನ ಕಂಪನಿಗೆ ಫೋನು ಮಾಡಿದ. ಮುಂದಿನ ಸಲ ಸರಿಮಾಡುತ್ತೇವೆ ಅಂದರು. ಮುಂದಿನ ಸಲ ಯಾವಾಗ ಅಂದರೆ, ಅದು ಮೇಲಿನವರಿಗೆ ಗೊತ್ತು ಅಂದರು.

ಅಷ್ಟರಲ್ಲಿ ರಿಪೋರ್ಟುಗಳು ರಾಶಿ ಬಿದ್ದವು. ಎಕ್ಸ್‌ರೇಯಾಕೆ ತನ್ನ ಕೆಲಸದ ನಡುವೆಯೇ ಟೈಪ್ ಮಾಡಿಕೊಟ್ಟಳು. ಡಾಕ್ಟರಮ್ಮ ನನಗೆ ಬೈಯುವುದನ್ನು ಬಿಟ್ಟುಬಿಟ್ಟರು. ಅದು ನನಗೆ ಗಾಬರಿ ಹುಟ್ಟಿಸಿತು. ಒಂದು ಮಧ್ಯಾಹ್ನ ಅವರೇ ನನ್ನ ಮೇಜಿಗೆ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಎಂದೂ ಇಲ್ಲದ ಮೆತ್ತನೆಯ ಧ್ವನಿಯಲ್ಲಿ, "ಸ್ವಲ್ಪ ದಿನ ಮನೇಲಿ ಆರಾಮಾಗಿರಮ್ಮ. ಈ ತಿಂಗಳು ಮುಗಿಯೋವರೆಗೆ ನೋಡೋಣ. ಆಗ್ಲಿಲ್ಲ ಅಂದ್ರೆ ಟೈಪಿಂಗಿಗೆ ಬೇರೆಯವರನ್ನ ತಗೋತೀನಿ, ನಿನಗೆ ರಿಪೋರ್ಟ್ ಕವರಿಗೆ ಹಾಕೋ ಕೆಲಸ ಕೊಡೋಣ. ನಿನ್ನ ಬಿಟ್ಟು ಹಾಕಲ್ಲ, ಪಾಪ" ಅಂದರು.

ಹಳೆಯ ಹೆಸರು ವಾಪಸು ಬಂದಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಯಾರೋ ಸೀಟು ಬಿಟ್ಟುಕೊಟ್ಟರು. ದಿನವೂ ಕೊಡುತ್ತಾರೆ, ದಿನವೂ ಕೂರುತ್ತೇನೆ. ಅವತ್ತು ಕೂರಲಿಲ್ಲ.

ಮನೆಯಲ್ಲಿ ಅತ್ತೆ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಬಟಾಣಿ ಬಿಡಿಸಲು ಕೊಟ್ಟರು. ಬಿಡಿಸಿದ್ದಕ್ಕೆ "ಎಷ್ಟು ಚೆನ್ನಾಗಿ ಬಿಡಿಸಿದ್ದೀಯ" ಅಂದರು. ಬಟಾಣಿ ಬಿಡಿಸಿದ್ದಕ್ಕೆ ಹೊಗಳಿಕೆ! ನನ್ನ ಗಂಡ ರಾತ್ರಿ ಊಟಕ್ಕೆ ಕೂತಾಗ, "ನೀನು ಮನೇಲಿದ್ರೆ ನಮಗೇನು ಭಾರಾನಾ?" ಅಂದ. ಪ್ರೀತಿಯಿಂದಲೇ ಅಂದದ್ದು. ನಾನು ತಟ್ಟೆ ಸರಿಸಿ ಎದ್ದೆ. ಅವನು ಹೆಂಡತಿಗೆ ಏನಾಯಿತೆಂದು ತಿಳಿಯದೆ ಅಮ್ಮನನ್ನು ಕೇಳಿದ, ಅತ್ತೆ "ನಿನಗೆ ಮಾತಾಡೋಕೆ ಬರಲ್ಲ, ಸುಮ್ನೆ ಊಟ ಮಾಡು" ಅಂದರು. ಅತ್ತೆಗೆ ಅರ್ಥವಾಗಿತ್ತು.

ತಿಂಗಳು ಅರ್ಧ ದಾಟಿತು. ಗಿಲಕಿಯಿಂದ ಸುದ್ದಿಯಿಲ್ಲ. ಫೋನು ಮಾಡಿದರೆ "ಆಗ್ತಾ ಇದೆ ಅಕ್ಕಾ, ನಾಳೆ" ಅನ್ನುತ್ತಿದ್ದ. ಅವನ ನಾಳೆ ಎಂಥದೆಂದು ನನಗೆ ಗೊತ್ತಿತ್ತು, ನಾನು ಆಸೆ ಬಿಟ್ಟೆ. ಕವರಿಗೆ ಹಾಕುವುದೂ ಒಂದು ಕೆಲಸವೇ ಎಂದು ನನಗೆ ನಾನೇ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ಆಗ ಒಂದು ಬೆಳಿಗ್ಗೆ ರಿಸೆಪ್ಷನ್ ಹುಡುಗಿ ಫೋನು ಮಾಡಿ, "ಅಕ್ಕಾ, ಬೇಗ ಬನ್ನಿ, ಅವನು ಕರೀತಿದ್ದಾನೆ" ಅಂದಳು.

ಹೋದೆ. ಕುರ್ಚಿಯಲ್ಲಿ ಕೂತೆ. ಗಿಲಕಿ ಹಿಂದೆಲ್ಲೋ ನಿಂತಿದ್ದ, ಉಸಿರು ಕೇಳುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ರಿಪೋರ್ಟಿನ ಪ್ರೋಗ್ರಾಮ್ ತೆರೆದು ಒಂದು ಕೀ ಒತ್ತಿದೆ, ಮೊದಲ ಬಟನ್ನಿಗೆ ಹೋಗಲು.

"ಅಕ್ಕಾ, ಇದು ಹೊಸ ರಿಪೋರ್ಟ್ ತೆರೆಯೋದು" ಅಂದಿತು ಕಂಪ್ಯೂಟರ್.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ಮುಂದಿನದಕ್ಕೆ ಹೋದೆ. "ಇದು ಸೇವ್. ಆಗಾಗ ಒತ್ತಿ, ಮರೀಬೇಡಿ." ಅದರ ಮುಂದಿನದು, "ಇದು ಡಾಕ್ಟರಮ್ಮಂಗೆ ಹೋಗುತ್ತೆ, ಒಂದ್ಸಲ ಓದಿ ಕಳ್ಸಿ." ಇನ್ನೊಂದು, "ಇದು ಏನ್ ಮಾಡುತ್ತೋ ನಂಗೂ ಗೊತ್ತಾಗ್ಲಿಲ್ಲ, ಬಿಟ್ಬಿಡಿ." ಇನ್ನೊಂದು, "ಅಕ್ಕಾ ಇದನ್ನ ಮುಟ್ಲೇಬೇಡಿ, ಎಲ್ಲಾ ಹೋಗುತ್ತೆ, ನಂದು ಹೋಯ್ತು." ಮಾತು ಗಿಲಕಿಯದು, ಧ್ವನಿ ಯಂತ್ರದ್ದು, ಒಂದೇ ಸಮನೆ, ಏರಿಳಿತವಿಲ್ಲದೆ, ಪಾಠ ಒಪ್ಪಿಸುವ ಮಗುವಿನ ಹಾಗೆ.

ಆಮೇಲೆ ರಿಸೆಪ್ಷನ್ ಹುಡುಗಿ ಎಲ್ಲ ಹೇಳಿದಳು. ಹೆಸರಿಲ್ಲದ ಬಟನ್ನಿಗೆ ನಾವೇ ಹೆಸರು ಕೊಡಲು ಆ ಸ್ಕ್ರೀನ್ ರೀಡರಿನಲ್ಲಿ ಒಂದು ದಾರಿಯಿದೆಯೆಂದು ಅವನು ಯಾರನ್ನೋ ಕೇಳಿ ತಿಳಿದುಕೊಂಡನಂತೆ. ಆಮೇಲೆ ದಿನವೂ ಊಟದ ಬಿಡುವಿನಲ್ಲಿ ಬಂದು, ಒಂದೊಂದೇ ಬಟನ್ ಒತ್ತಿ ನೋಡಿ, ಕೆಡಿಸಿ, ಮತ್ತೆ ಸರಿಮಾಡಿ, ಹೆಸರು ಬರೆಯುತ್ತಿದ್ದನಂತೆ. ಬರೆದದ್ದು ಸಾಲದೆಂದು ಪರದೆ ಆರಿಸಿ, ನನ್ನ ಹೆಡ್‌ಫೋನ್ ಹಾಕಿಕೊಂಡು, ಬರೀ ಕಿವಿಯಲ್ಲಿ ಒಂದು ರಿಪೋರ್ಟು ಬರೆದು ಕಳಿಸಲು ನೋಡುತ್ತಿದ್ದನಂತೆ. "ಆಗದೇ ಇದ್ದಾಗ ಅವನಿಗೆ ಅವನೇ ಬೈಕೊಳ್ತಿದ್ದ ಅಕ್ಕಾ, ನೀವು ಬೈದಿದ್ದೆಲ್ಲ ಅದರ ಮುಂದೆ ಏನೂ ಅಲ್ಲ." ಆ ದಿನಗಳಲ್ಲೆಲ್ಲ ಅವನ ಅಂಗಡಿಯ ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ವಾಪಸು ಹೋಗುತ್ತಿದ್ದರಂತೆ.

ನಾನು ತಿರುಗಿ "ಗಿಲಕೀ" ಅಂದೆ. ಜೀವಮಾನದಲ್ಲಿ ನನಗೆ ಬಹಳ ಜನ ಉಪಕಾರ ಮಾಡಿದ್ದಾರೆ, ರಸ್ತೆ ದಾಟಿಸಿದ್ದಾರೆ, ಸೀಟು ಕೊಟ್ಟಿದ್ದಾರೆ. ಅವರೆಲ್ಲ ನನಗಾಗಿ ಏನೋ ಮಾಡಿಕೊಟ್ಟವರು. ನನ್ನ ಕೆಲಸವನ್ನು ನಾನೇ ಮಾಡುವ ಹಾಗೆ ಮಾಡಿ, ಹಿಂದೆ ನಿಂತವನು ಇವನೊಬ್ಬ. ಈ ಋಣ ದೊಡ್ಡದು. ಇದನ್ನು ಅವನ ಮುಖಕ್ಕೆ ಹೇಳಿದರೆ ಮಾತು ತಿರುಗಿಸಿ ಪ್ರಿಂಟರಿನ ಸಮಾಚಾರ ತೆಗೆಯುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಾರ ಮೊದಲಿಗಿಂತ ನಿಧಾನವಾಗಿ, ಆಮೇಲೆ ಮೊದಲಿನಂತೆಯೇ, ಕೆಲಸ ಸಾಗಿತು. ಎಕ್ಸ್‌ರೇಯಾಕೆ ನಿಟ್ಟುಸಿರು ಬಿಟ್ಟು ತನ್ನ ಕೋಣೆಗೆ ಹೋದಳು. ಆದರೂ ಡಾಕ್ಟರಮ್ಮನ ಧ್ವನಿ ಇನ್ನೂ ಮೆತ್ತಗೇ ಇತ್ತು. ರಿಪೋರ್ಟ್ ತಡವಾದರೆ "ಪರವಾಗಿಲ್ಲಮ್ಮ, ನಿಧಾನಕ್ಕೆ ಮಾಡು" ಅನ್ನುತ್ತಿದ್ದರು. ಕುರ್ಚಿಯೇನೋ ವಾಪಸು ಬಂದಿತ್ತು. ಆದರೆ ಯಾವ ಗಳಿಗೆಯಲ್ಲಾದರೂ ಕವರುಗಳ ಕಟ್ಟು ನನ್ನ ಮುಂದೆ ಬಂದು ಕೂರಬಹುದು ಎಂದು ನನಗೆ ಅನ್ನಿಸುತ್ತಲೇ ಇತ್ತು.

ತಿಂಗಳ ಕೊನೆಯ ದಿನ, ತೆರೆಯಲಿದ್ದ ಹೊಸ ಶಾಖೆಯ ಕಂಪ್ಯೂಟರುಗಳಿಗೂ ಈ ಸಿಸ್ಟಮನ್ನೇ ಹಾಕಿಸುವುದೋ ಬೇಡವೋ ಎಂದು ತೀರ್ಮಾನಿಸಲು ಡಾಕ್ಟರಮ್ಮ ಎಲ್ಲರನ್ನೂ ಒಂದು ಕಡೆ ಸೇರಿಸಿದರು. ಗಿಲಕಿಯೂ ಬಂದು ಬಾಗಿಲ ಬಳಿ ನಿಂತ. ಒಬ್ಬೊಬ್ಬರನ್ನೇ ಕೇಳಿದರು. ರಿಸೆಪ್ಷನ್ ಹುಡುಗಿಗೆ ಬೆಟ್ಟ ಬೇಜಾರಾಗಿತ್ತು, ಸಿಸ್ಟಮ್ ತನ್ನಷ್ಟಕ್ಕೆ ತಾನೇ ಆರಿ ಹತ್ತುತ್ತದೆ ಎಂದು ದೂರಿದಳು. ಲೆಕ್ಕದವರು, ಎಲ್ಲರಿಗಿಂತ ಜಾಸ್ತಿ ಗೊಣಗಿದವರು, ಈಗ ಹೊಸದೇ ಸರಿ, ಬಟನ್ನು ನಡುವೆ ಇದ್ದರೆ ಕತ್ತು ನೋಯುವುದಿಲ್ಲ ಅಂದರು. ಎಕ್ಸ್‌ರೇಯಾಕೆಯ ಪ್ರಿಂಟರು ಇನ್ನೂ ಮುನಿಸಿಕೊಂಡೇ ಇತ್ತು. ಕೊನೆಗೆ ನನ್ನ ಸರದಿ. "ನೀನು ಹೇಳಮ್ಮ" ಅಂದರು ಡಾಕ್ಟರಮ್ಮ.

ಕೇಳಿದ್ದೇ ತಡ, ನಾನು ಬಿಚ್ಚಿದೆ. ನಿಧಾನಕ್ಕೆ ಏಳುತ್ತದೆ ಅಂದೆ. ಕೆಲಸದ ನಡುವೆ ಏನೇನೋ ಜಾಹೀರಾತು ಓದುತ್ತದೆ, ಮೊಣಕಾಲಿನ ರಿಪೋರ್ಟ್ ಬರೆಯುವಾಗ ಹವಾಮಾನ ಹೇಳುತ್ತದೆ, ಇದಕ್ಕಿಂತ ಹಳೆಯದು ಸಾವಿರ ಪಾಲು ವಾಸಿ ಅಂದೆ. ಬಾಗಿಲ ಬಳಿಯಿಂದ "ಅಕ್ಕಾ!" ಎಂದು ನೊಂದ ಧ್ವನಿ ಬಂತು.

"ಹಾಗಾದ್ರೆ ಹೊಸದು ಬೇಡ್ವಾ?" ಡಾಕ್ಟರಮ್ಮ ಕೇಳಿದರು.

"ಹಾಕ್ಸಿ. ಆದ್ರೆ ಅವನ ಕೈಲೇ ಹಾಕ್ಸಿ" ಅಂದೆ. "ಸಿಸ್ಟಮ್ ಅಷ್ಟಕ್ಕಷ್ಟೇ. ಹಾಕಿದೋನು ಬಂಗಾರ."

ಎಲ್ಲರೂ ನಕ್ಕರು. ನಾನು ಬಿಡಲಿಲ್ಲ, ಗಿಲಕಿಯ ಗುಣಗಾನಕ್ಕೆ ತೊಡಗಿದೆ. ಅವನು ಚೀಲ ಅಲ್ಲಾಡಿಸುತ್ತಾ "ಸಾಕು ಬಿಡಿ ಅಕ್ಕಾ" ಅನ್ನುತ್ತಿದ್ದ, ಲೆಕ್ಕದವರು ಅವನಿಗೆ ತಮಾಷೆ ಮಾಡುತ್ತಿದ್ದರು. ಆಗ ಡಾಕ್ಟರಮ್ಮ ಟಪ್ಪೆಂದು ಮೇಜು ಕುಟ್ಟಿದರು.

"ಏನಮ್ಮ, ಹರಟೆ ಹೊಡೆಯೋಕೆ ಬಂದಿದ್ದೀಯಾ ಇಲ್ಲಿ? ಬೆಳಿಗ್ಗೆ ಹೇಳಿದ ಹೊಟ್ಟೆ ಸ್ಕ್ಯಾನಿನ ರಿಪೋರ್ಟ್ ಎಲ್ಲಿ? ಹೊರಗೆ ಆ ಮುದುಕರು ಹಸ್ಕೊಂಡು ಕೂತಿದ್ದಾರೆ! ನಿನ್ನಿಂದ ನಾನು ಅವರ ಹತ್ರ ಮಾತು ಕೇಳ್ಬೇಕಾ? ಏಳು, ಏಳು!"

ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ರಿಸೆಪ್ಷನ್ ಹುಡುಗಿ ಮೆಲ್ಲನೆ ನನ್ನ ಕೈ ಹಿಡಿದುಕೊಂಡಳು, ನೊಂದುಕೊಂಡೆನೆಂದು. ಅವಳಿಗೆ ಹೇಗೆ ಹೇಳಲಿ? ನಾನು ಕೈ ಬಿಡಿಸಿಕೊಂಡು ಎದ್ದೆ. "ಆಯ್ತು ಡಾಕ್ಟರಮ್ಮ, ಈಗ ಕಳಿಸ್ದೆ" ಎಂದು, ಮುಖ ಒರೆಸಿಕೊಳ್ಳುತ್ತಾ, ಓಡಿದಂತೆ ನನ್ನ ಕುರ್ಚಿಗೆ ಹೋದೆ.